ಹಾಳೆಯ ಹಿಂಬದಿ

ಒಡೆಸ್ಸಾ ಗಿಟ್ಟೆನ್ಸ್‌ಳನ್ನು ಮಣ್ಣು ಮಾಡಿದ ದಿನ, ಬ್ರಾಂಕ್ಸ್‌ನ ಆ ಪುಟ್ಟ ಚರ್ಚಿನಲ್ಲಿ ಯಾಹಿರಾ ಪೊಲಾಂಕೊ ಎದ್ದು ನಿಂತು ಮಾತಾಡಿದಳು. ಅವಳೀಗ ಶಿಕ್ಷಣ ಕಚೇರಿಯಲ್ಲಿ ದೊಡ್ಡ ಅಧಿಕಾರಿ. "ಮಿಸ್ ಕೈಬರಹ ಇರೋ ಹತ್ತೊಂಬತ್ತು ಕಾಗದ ಇವತ್ತಿಗೂ ನನ್ನ ಹತ್ರ ಜೋಪಾನವಾಗಿವೆ," ಎಂದು ಕಣ್ಣೊರೆಸಿಕೊಂಡಳು. ಮುಂದಿನ ಸಾಲಿನ ಹೆಂಗಸರು ಆಮೆನ್ ಎಂದರು. ಆ ಹತ್ತೊಂಬತ್ತು ಕಾಗದಗಳು ಯಾಹಿರಾಳ ಕೈಗೆ ಹೇಗೆ ಬಂದವು ಎಂಬುದು ಪೆಟ್ಟಿಗೆಯಲ್ಲಿ ಮಲಗಿದ್ದವಳಿಗೆ ಗೊತ್ತಿತ್ತು.

ಒಡೆಸ್ಸಾಳ ತಾಯಿ ಬಾರ್ಬಡೋಸ್‌ನಿಂದ ಬಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಮಗಳು ಇಪ್ಪತ್ತೆರಡು ವರ್ಷ ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಮೇಷ್ಟ್ರಾಗಲು ಬಂದವರಿಗೆ ಪಾಠ ಹೇಳಿದಳು. ಅವಳ ಕೈಗೆ ಬಂದವರು ಮೊದಲ ಮೂರು ವಾರ ಬಾಯಿ ತೆರೆಯುವಂತಿರಲಿಲ್ಲ. ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು ಒಂದೇ ಮಗುವನ್ನು ನೋಡಬೇಕು. ನಾಲ್ಕು ಭಾಷೆಯ ಮಕ್ಕಳಿರುವ ಕ್ಲಾಸಿನಲ್ಲಿ ಆ ಒಂದು ಮಗು ಏನು ಮಾಡಿತು, ಏನು ಹೇಳಿತು, ಅಷ್ಟನ್ನೇ ಬರೆಯಬೇಕು. ಸೋಮಾರಿ, ಜಾಣ ಎಂಬ ಮಾತುಗಳನ್ನು ಅವಳು ಹೊಡೆದುಹಾಕುತ್ತಿದ್ದಳು.

ತಿಂಗಳ ಕೊನೆಯ ಶುಕ್ರವಾರ ಒಂದು ಕಾಗದ. ಈ ತಿಂಗಳು ಯಾವ ಮಗು ನನ್ನ ಕಣ್ಣಿಗೆ ಬೀಳಲಿಲ್ಲ, ಎಲ್ಲಿ ತಪ್ಪಿದೆ ಎಂದು ಮುಚ್ಚುಮರೆಯಿಲ್ಲದೆ ಬರೆಯಬೇಕು. ಅವಳು ಅಂಚಿನಲ್ಲಿ ಹಸಿರು ಪೆನ್ಸಿಲಿನಿಂದ ಒಂದೆರಡು ಪ್ರಶ್ನೆ ಬರೆದು ಸೋಮವಾರ ವಾಪಸು ಕೊಡುತ್ತಿದ್ದಳು. ಆಮೇಲೆ ಏನು ಮಾಡಿದೆ ಎಂಬುದನ್ನು ಅವರು ಹಾಳೆಯ ಹಿಂಬದಿಯಲ್ಲಿ ಬರೆಯಬೇಕು. ಹಾಳೆ ಅವಳ ಕಪಾಟು ಸೇರುತ್ತಿತ್ತು. ಮೂರನೆಯವರ ಕಣ್ಣಿಗೆ ಬೀಳುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದಳು. ಆ ಮಾತಿದ್ದುದರಿಂದಲೇ ಅವರು ನಿಜ ಬರೆಯುತ್ತಿದ್ದರು.

ಅವಳು ನಡೆಸುತ್ತಿದ್ದ ತರಬೇತಿಯನ್ನು ಮುಂದುವರಿಸಬೇಕೋ ಬೇಡವೋ ಎಂಬ ಪರಿಶೀಲನೆ ಬಂದ ವರ್ಷ, ಶಿಕ್ಷಣ ಕಚೇರಿಯ ಪರವಾಗಿ ವರದಿ ಬರೆಯಬೇಕಿದ್ದ ಯಾಹಿರಾ ಒಂದು ಮಧ್ಯಾಹ್ನ ಪೇಸ್ಟ್ರಿ ಪೊಟ್ಟಣ ಹಿಡಿದು ಬಂದಳು. ಹದಿನಾಲ್ಕು ವರ್ಷದ ಹಿಂದೆ ಅತ್ಯಂತ ಚೆಂದದ ಕಾಗದ ಬರೆಯುತ್ತಿದ್ದವಳು ಅವಳೇ.

"ಮಿಸ್, ಮೇಲಿನೋರಿಗೆ ಅಂಕಿ ಬಿಟ್ರೆ ಬೇರೇನೂ ಅರ್ಥ ಆಗಲ್ಲ. ಈ ಕಾಗದ ನೋಡಿದ್ರೆ ಬಾಯಿ ಮುಚ್ಕೋತಾರೆ."

"ಯಾರಿಗೂ ತೋರಿಸಲ್ಲ ಅಂದಿದೀನಿ ಕಣೇ."

"ನಾನೇನು ಹೊರಗಿನೋಳಾ? ನಾನೂ ಬರೆದೋಳೇ ತಾನೇ? ಸುಮ್ನೆ ಕೊಡಿ ಮಿಸ್, ನಿಮ್ಮನ್ನ ಉಳಿಸ್ಕೊಳ್ಳೋಕೇ ಬಂದಿರೋದು."

ಒಡೆಸ್ಸಾ ಕಪಾಟಿನ ಬೀಗ ತೆಗೆದಳು.

ವರದಿ ಬಂದಾಗ ಅದರಲ್ಲಿ ಕಾಗದಗಳ ಮುಂಬದಿ ಮಾತ್ರ ಇತ್ತು. 'ತಯಾರಿಯ ಕೊರತೆಗೆ ಪುರಾವೆ' ಎಂಬ ತಲೆಬರಹದಡಿ ನಲವತ್ತು ತಪ್ಪೊಪ್ಪಿಗೆಗಳು. ಹೆಸರು ತೆಗೆದಿದ್ದರೂ, ಒಡೆಸ್ಸಾಳ ಬಳಿ ಕಲಿಯುತ್ತಲೇ ಕ್ಲಾಸು ನಡೆಸುತ್ತಿದ್ದ ಕ್ವಾಬೆನಾ ಅದ್ದೊನ ಸಾಲುಗಳನ್ನು ಅವನ ಶಾಲೆಯವರು ಗುರುತು ಹಿಡಿದರು: 'ಫಾತುಮಾತಾ ಮಾತು ಕೇಳುವುದಿಲ್ಲ ಎಂದು ಮೂರು ವಾರ ಗದರಿದೆ. ಅವಳ ಬಲಗಿವಿ ಕೇಳಿಸುವುದಿಲ್ಲ.' ವರ್ಷದ ನಡುವೆಯೇ ಅವನ ಕ್ಲಾಸು ಕಿತ್ತುಕೊಂಡು ಬದಲಿ ಮೇಷ್ಟ್ರನ್ನಾಗಿ ಅಲೆದಾಡಿಸಿದರು. ಒಡೆಸ್ಸಾಳ ಎರಡು ವರ್ಷದ ತರಬೇತಿಯನ್ನು ಮುಚ್ಚಿ ಆರು ವಾರದ್ದೊಂದನ್ನು ತಂದರು. ಯಾವ ನಿಮಿಷಕ್ಕೆ ಯಾವ ಮಾತು ಆಡಬೇಕೆಂದು ಅದರಲ್ಲಿ ಅಚ್ಚು ಹಾಕಿ ಕೊಡುತ್ತಾರೆ.

ಒಡೆಸ್ಸಾ ಕಚೇರಿಗೆ ಹೋದಳು. ಯಾಹಿರಾ ಎದ್ದು ನಿಂತು ಕುರ್ಚಿ ಎಳೆದುಕೊಟ್ಟಳು.

"ಒಂದಕ್ಷರ ಸುಳ್ಳಿದ್ರೆ ತೋರಿಸಿ ಮಿಸ್."

"ಹಾಳೆ ತಿರುಗಿಸಲಿಲ್ಲವಲ್ಲೇ ನೀನು."

"ಮುನ್ನೂರು ಕ್ಲಾಸಲ್ಲಿ ಮೇಷ್ಟ್ರೇ ಇಲ್ಲ. ಒಂದೊಂದೇ ಮಗೂನ ನೋಡ್ತಾ ಕೂತ್ಕೊಂಡ್ರೆ ಉಳಿದೋರ ಗತಿ?"

"ನಿನ್ನನ್ನ ನೋಡ್ತಾ ಕೂತಿದ್ದೆನಲ್ಲ, ಅದೂ ದಂಡವೇನೇ?"

ಯಾಹಿರಾ ಮೇಜಿನಡಿಗೆ ಬಗ್ಗಿದಳು. ಕಾಗದಗಳಿದ್ದ ಪೆಟ್ಟಿಗೆಯನ್ನು ಎತ್ತಿ ಮೇಲಿಟ್ಟಳು.

ಮನೆಗೆ ಬಂದು ಒಡೆಸ್ಸಾ ಕಟ್ಟುಗಳನ್ನು ವರ್ಷವಾರು ಜೋಡಿಸಿದಳು. ಎಲ್ಲರ ಕಾಗದಗಳೂ ಇದ್ದವು, ಯಾಹಿರಾಳವು ಹತ್ತೊಂಬತ್ತು ಬಿಟ್ಟು. ವರದಿ ಬರೆಯುವ ಮೊದಲೇ ಅವಳು ತನ್ನವನ್ನು ಎತ್ತಿಟ್ಟುಕೊಂಡಿದ್ದಳು.

ಮರುವಾರದಿಂದ ಬಸ್ಸಿನಲ್ಲಿ ಓಡಾಡಿ ಕಾಗದಗಳನ್ನು ಬರೆದವರ ಕೈಗೇ ಮುಟ್ಟಿಸತೊಡಗಿದಳು. ಕ್ವಾಬೆನಾನ ಮನೆಗೆ ಕೊನೆಗೆ ಹೋದಳು. ನಾಲ್ಕನೇ ಮಹಡಿ, ಒಳಗಿನಿಂದ ಶೇಂಗಾ ಸಾರಿನ ಘಮ.

"ಅಯ್ಯೋ ಮಿಸ್, ನೀವ್ಯಾಕೆ ಹತ್ತಕ್ಕೆ ಹೋದ್ರಿ? ಬನ್ನಿ, ಬನ್ನಿ, ಊಟ ಹಾಕದೆ ಅಮ್ಮ ನಿಮ್ಮನ್ನ ಬಿಡಲ್ಲಾಂದ್ರೆ ಬಿಡಲ್ಲ. ನಾನು ಎಲ್ರಿಗೂ ಹೇಳ್ತಿದೀನಿ, ಆಫೀಸಿನೋರೇ ಮಿಸ್ಸಿನ ಕಪಾಟು ಒಡೆದು ಕದ್ರು ಅಂತ."

ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಅವನೊಬ್ಬನಾದರೂ ಅವಳ ಪಾಲಿಗೆ ಉಳಿಯುತ್ತಿದ್ದ.

"ಕದಿಯಲಿಲ್ಲಪ್ಪ. ನಾನೇ ಕೊಟ್ಟೆ."

"ನೀವಾ?"

"ನಾನೇ. ಬೀಗ ತೆಗೆದು."

ಅವನು ಕಾಗದ ತೆಗೆದುಕೊಂಡು ಹಿಂಬದಿ ತಿರುಗಿಸಿದ. ತನ್ನದೇ ಅಕ್ಷರ: 'ಜಾಗ ಬದಲಿಸಿದೆ. ಈಗ ಅವಳ ಎಡಗಡೆ ನಿಂತು ಮಾತಾಡುತ್ತೇನೆ. ಇವತ್ತು ನನ್ನ ಲೆಕ್ಕದ ತಪ್ಪನ್ನು ಅವಳೇ ಹಿಡಿದಳು.'

"ಫಾತುಮಾತಾಗೆ ಈಗ ಯಾರು ಮೇಷ್ಟ್ರು?" ಒಡೆಸ್ಸಾ ಕೇಳಿದಳು.

"ಯಾರೋ ಹೊಸಬರು. ಆರು ವಾರದೋರು. ಯಾವ ಕಡೆ ನಿಂತ್ಕೋತಾರೋ ಏನೋ."

ಒಳಗೆ ಬನ್ನಿ ಎಂದು ಅವನು ಮತ್ತೆ ಕರೆಯಲಿಲ್ಲ. ಒಡೆಸ್ಸಾ ಬರಿ ಚೀಲ ಮಡಚಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು.