ಎತ್ತಿಗೆ ಮೇವು, ಕಾರಿಗೆ ಚಾರ್ಜು

ನಮ್ಮ ಮದುವೆಯ ದಿನ ಬಬಲೇಶ್ವರದ ಹೆಣ್ಣಿನವರು ನಮಗೆಲ್ಲ ಹೋಳಿಗೆ ಬಡಿಸಿದರು. ನಮ್ಮನ್ನು ಎಳೆದು ತಂದ ಎತ್ತುಗಳ ಮುಂದೆ ಒಂದು ಹಿಡಿ ಮೇವನ್ನೂ ಹಾಕಲಿಲ್ಲ. ಸಂಜೆ ಗಾಡಿ ಹೂಡುವಾಗ ಅವು ನನ್ನತ್ತ ನೋಡಿದ ನೋಟವನ್ನು ನಾನು ಮರೆತಿಲ್ಲ. ಬೇರೆಯವರಿಗೆ ಮರೆಯಲು ಬಿಟ್ಟೂ ಇಲ್ಲ.

ಈ ವರ್ಷ ನಾನು ವಿದ್ಯುತ್ ಕಾರು ಕೊಂಡೆ. ಹೆಂಡತಿಯ ತಮ್ಮ ಅದೇ ಮನೆಯಿಂದ ಫೋನು ಮಾಡಿದ. "ಮಾವಾರ, ಹೊಸಾ ಗಾಡಿ ತಗೊಂಡು ಊಟಕ್ಕ ಬರ್ರಿ. ಹಂಗ ಒಂದು ಹಗ್ಗಾನೂ ಇಟ್ಕೋರಿ. ನಡುವ ನಿಂತ್ರ ನಮ್ಮ ಎತ್ತು ಹೂಡಿ ಎಳಸ್ತೀನಿ!"

ಎತ್ತು! ಆ ಮನೆಯವರ ಬಾಯಲ್ಲಿ! ನಾನು ಆಗಲೇ ನಿಶ್ಚಯಿಸಿದೆ: ಹೋಗುತ್ತೇನೆ, ಉಣ್ಣುತ್ತೇನೆ, ಆದರೆ ಅವರ ಕರೆಂಟಿನ ಋಣವಿಲ್ಲದೆ ವಿಜಯಪುರಕ್ಕೆ ಮರಳುತ್ತೇನೆ.

ಕಾರಿನ ಕೈಪಿಡಿಯನ್ನು ಅಕ್ಷರ ಬಿಡದೆ ಓದಿದೆ. ನಿತ್ಯದ ಬಳಕೆಗೆ ಶೇಕಡಾ ಎಂಬತ್ತು ಚಾರ್ಜು ಸಾಕು ಎಂದಿತ್ತು; ಎಂಬತ್ತಕ್ಕೇ ನಿಲ್ಲಿಸಿದೆ. ತಿಕೋಟಾದ ಬಂಕೊಂದರಲ್ಲಿ ಚಾರ್ಜಿಂಗ್ ಯಂತ್ರವಿದೆಯೆಂದು ಮೊಬೈಲು ತೋರಿಸಿದ್ದರಿಂದ, ನೇರ ರಸ್ತೆ ಬಿಟ್ಟು ತಿಕೋಟಾದ ಮೇಲೆ ಹಾಯುವುದೆಂದು ಗೊತ್ತುಮಾಡಿದೆ. ಎಸಿ ನಿಷಿದ್ಧ.

"ಚಾರ್ಜ್ ಉಳಸಾಕ ಸುತ್ತ ಹಾಕಿ ಹೊಂಟೀರಿ," ಎಂದಳು ಹೆಂಡತಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ. "ಕಾರ್ ತಂದಿದ್ದು ಕುಂಡ್ರಾಕೋ, ಬೇಯಾಕೋ?"

"ಇದಕ್ಕ ಯೋಜನಾ ಅಂತಾರ."

"ಹಟಾ ಅಂತಾರ, ಬಿಡ್ರಿ."

ತಿಕೋಟಾದಲ್ಲಿ ಯಂತ್ರವಿತ್ತು, ಅದಕ್ಕೆ ಒರಗಿಕೊಂಡಂತೆ ದ್ರಾಕ್ಷಿ ತುಂಬಿದ ಟೆಂಪೊ ನಿಂತಿತ್ತು. ಚಾಲಕ ಬೇವಿನ ನೆರಳಲ್ಲಿ ಮಲಗಿದ್ದ. ಎಬ್ಬಿಸಿ ನಾಗರಿಕನ ಕರ್ತವ್ಯಗಳನ್ನು ವಿವರಿಸಿದೆ. ಅವನು ಪೂರ್ತಿ ಕೇಳಿ ಮಗ್ಗುಲು ಬದಲಿಸಿದ. ಇರಲಿ, ಮನೆ ಮುಟ್ಟುವಷ್ಟು ಚಾರ್ಜು ನನ್ನಲ್ಲಿ ಧಾರಾಳವಾಗಿತ್ತು.

ಬಬಲೇಶ್ವರದಲ್ಲಿ ಊಟವನ್ನು ದೂರುವಂತಿರಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಬೆಂದು ಬಂದ ಮೈ; ಒರಗಿದ್ದೇ ನಿದ್ದೆ ಹತ್ತಿತು.

ಇಳಿಹೊತ್ತಿನಲ್ಲಿ ಎದ್ದು ಹೊರಬಂದರೆ, ನನ್ನ ಡಿಕ್ಕಿಯಲ್ಲಿದ್ದ ಚಾರ್ಜಿಂಗ್ ವಯರು ಅವರ ನೀರಿನ ಮೋಟಾರಿನ ಪ್ಲಗ್ಗಿಗೆ ಸೇರಿಕೊಂಡಿತ್ತು. ಕೀಲಿ ಕೊಟ್ಟವಳು ಹೆಂಡತಿ. ಪರದೆಯ ಮೇಲೆ ತೊಂಬತ್ತಾರು!

"ಯಾರ್ನ ಕೇಳಿ ಹಚ್ಚೀದಿ?" ಎಂದೆ.

"ಕೇಳಿ ಹಾಕೂದೇನ್ರಿ ಮೇವು?" ಎಂದ ಹೆಂಡತಿಯ ತಮ್ಮ. "ಬೀಗರ ಎತ್ತು ಉಪವಾಸ ಹೋದ್ವು ಅಂತ ನಮ್ಮಪ್ಪ ಸಾಯೂತನಾ ನಿಮ್ಮ ಬಾಯಾಗ ಕೇಳಿದಾ. ನನ್ನ ಕಾಲದಾಗರ ಅದು ಆಗಬಾರದು ಅಂದೆ."

ಅವನು ನಗುತ್ತಿರಲಿಲ್ಲ. ನಾನು ಮತ್ತೆ ಪರದೆಯತ್ತ ತಿರುಗಿದೆ.

"ಎಂಬತ್ತಕ್ಕ ನಿಲ್ಲಸಬೇಕಿತ್ತು. ಕೈಪಿಡಿಯಾಗ ಬರದೈತಿ."

"ಅರ್ಧಾ ಹೊಟ್ಟಿ ಉಣಿಸಿ ಕಳಸೂ ಪದ್ಧತಿ ನಮ್ಮಲ್ಲಿ ಇಲ್ರಿ, ಮಾವಾರ."

ಮರಳುವಾಗ ನೇರ ರಸ್ತೆ ಹಿಡಿದೆ. ಊರು ದಾಟುತ್ತಲೇ ಹೆಂಡತಿ ನನ್ನನ್ನು ಕೇಳದೆ ಎಸಿ ಗುಂಡಿ ಒತ್ತಿದಳು. ನಾನು ತಡೆಯಲಿಲ್ಲ.

"ಎತ್ತಿನ ಮಾತು ಮುಗೀತಲ್ಲ ಇನ್ನ?" ಎಂದಳು.

"ಮುಗೀತು," ಎಂದೆ.

ಮುಗಿದದ್ದು ನಿಜ. ಆದರೆ ಆ ತೊಂಬತ್ತಾರರ ಮಾತು ಬೇರೆ; ಅದು ಈಗಷ್ಟೇ ಶುರು.