ಬೈರಯ್ಯನ ಫ್ರೆಂಚು, ಮೇಷ್ಟ್ರ ಇಂಗ್ಲಿಷು

ಮಲ್ಲಿಪಟ್ಟಣದ ಬೈರಯ್ಯ ಹದಿನಾರನೇ ವಯಸ್ಸಿಗೆ ಸೋದರಮಾವನ ಹಿಂದೆ ಪಾಂಡಿಚೇರಿಗೆ ಹೋದವನು, ಅಲ್ಲಿ ಒಬ್ಬ ಫ್ರೆಂಚ್ ದೊರೆಯ ಸೈಕಲ್ ಷಾಪಿನಲ್ಲಿ ಹದಿನಾಲ್ಕು ವರ್ಷ ದುಡಿದ. ಓದು ಮೂರನೇ ಕ್ಲಾಸಿಗೇ ನಿಂತಿತ್ತು. ಫ್ರೆಂಚನ್ನು ಕಿವಿಯಲ್ಲೇ ಕಲಿತ, ಅದೂ ಅರ್ಧಕ್ಕರ್ಧ ಬೈಗುಳದ ಜೊತೆಗೆ. ಸೈಕಲ್ಲಿನ ಯಾವ ಭಾಗ ತೋರಿಸಿದರೂ ಅವನ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಆ ಭಾಷೆಯ ಹೆಸರೇ. ಫ್ರೆಂಚರು ಊರು ಬಿಟ್ಟುಕೊಟ್ಟಾಗ ದೊರೆಯೂ ಹಡಗು ಹತ್ತಿದ. ಬೈರಯ್ಯ ಹೆಂಡತಿ ಹೊನ್ನಕ್ಕನನ್ನು ಕರೆದುಕೊಂಡು ಹಾಸನಕ್ಕೆ ಬಂದು ಪಾಪಯ್ಯನ ಸೈಕಲ್ ಅಂಗಡಿ ಸೇರಿಕೊಂಡ.

ಐವತ್ತೇಳನೇ ಇಸವಿಯಲ್ಲಿ ಪಾಪಯ್ಯ ಪಾಂಡಿಚೇರಿಯ ಹರಾಜಿನಿಂದ ಗೇರ್ ಇರುವ ಎಂಟು ಸೈಕಲ್ ತರಿಸಿದ. ಏರಿನ ದಾರಿಯಲ್ಲಿ ಊರೂರು ಅಲೆಯುವ ನೌಕರರು ಮುಗಿಬಿದ್ದು ಕೊಳ್ಳುತ್ತಾರೆ ಎಂಬುದು ಅವನ ಲೆಕ್ಕಾಚಾರ. ಮೊದಲನೆಯದನ್ನು ಕೊಂಡವನು ಚನ್ನರಾಯಪಟ್ಟಣದ ಕಡೆ ಹಳ್ಳಿಹಳ್ಳಿಗೆ ಹೋಗಿ ಸಿಡುಬಿನ ದಾಕು ಹಾಕುತ್ತಿದ್ದ ಕೆಂಚಯ್ಯ. ನುಗ್ಗೇಹಳ್ಳಿ ದಾರಿಯಲ್ಲಿ ಹದಿನೈದೇ ದಿನಕ್ಕೆ ಗೇರು ಕಚ್ಚಿಕೊಂಡು ನಿಂತಿತು. ಮಿಕ್ಕ ಏಳಕ್ಕೂ ಒಂದಲ್ಲ ಒಂದು ರೋಗ.

ಬಿಡಿಭಾಗ ಬರಬೇಕಾದದ್ದು ಮದರಾಸಿನ ಕಂಪನಿಯಿಂದ. ಆ ಕಂಪನಿಗೆ ಇಂಗ್ಲಿಷಿನಲ್ಲೇ ಬರೆಯಬೇಕು. ಸೈಕಲ್ಲುಗಳ ಜೊತೆ ಬಂದಿದ್ದ ಪುಸ್ತಕವೋ ಪೂರಾ ಫ್ರೆಂಚಿನಲ್ಲಿತ್ತು. ಪಾಪಯ್ಯ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಕೃಷ್ಣಪ್ಪನವರನ್ನು ಕರೆಸಿ ಕುರ್ಚಿ ಹಾಕಿದ. ಮೇಷ್ಟ್ರ ಹತ್ತಿರ ದಪ್ಪನೆಯ ಫ್ರೆಂಚ್-ಇಂಗ್ಲಿಷ್ ನಿಘಂಟೊಂದಿತ್ತು. ಬೈರಯ್ಯನಿಗೆ ಜಾಗ ಹೊಸ್ತಿಲಾಚೆಗೆ.

ಮೇಷ್ಟ್ರು ಫ್ರೆಂಚನ್ನು ಇಂಗ್ಲಿಷಿನ ಹಾಗೆ ಓದುತ್ತಿದ್ದರು. 'ರೂ ಲೀಬ್ರ್' ಅವರ ಬಾಯಲ್ಲಿ 'ರೌ ಲೈಬ್ರೆ' ಆಗುತ್ತಿತ್ತು. ಹೊಸ್ತಿಲಾಚೆ ಕೂತವನಿಗೆ ತಾನು ಹದಿನಾಲ್ಕು ವರ್ಷ ಬಿಚ್ಚಿ ಕಟ್ಟಿದ ಸಾಮಾನಿನ ಹೆಸರೇ ಗುರುತು ಸಿಗಲಿಲ್ಲ. ಎದ್ದು ಬಂದು ಚಿತ್ರ ಇಣುಕಿದ ಮೇಲೆ ಅರ್ಥವಾಯಿತು. ಅಷ್ಟರಲ್ಲಿ ಮೇಷ್ಟ್ರು ಅದನ್ನು 'ಸ್ವಾತಂತ್ರ್ಯದ ಚಕ್ರ' ಎಂದು ಇಂಗ್ಲಿಷಿಗೆ ಇಳಿಸಿಯಾಗಿತ್ತು. ಟ್ಯೂಬು ಗಾಳಿಯ ಕೋಣೆಯಾಯಿತು. ಮುಂದಿನ ಫೋರ್ಕು ಹುಲ್ಲು ಎತ್ತುವ ಕವಲುಗೋಲಾಯಿತು. ಅದು ಹುಲ್ಲಿನದಲ್ಲ, ಚಕ್ರ ಹಿಡಿಯುವುದು ಎಂದು ಬೈರಯ್ಯ ಎರಡು ಸಲ ಹೇಳಿದ. ನಿಘಂಟಿನಲ್ಲಿ ಹಾಗೇ ಇದೆ ಎಂದರು ಮೇಷ್ಟ್ರು. ಮೂರನೇ ಸಲ ಬಾಯಿ ತೆರೆದಾಗ, ಬಿ.ಎ. ಓದಿದವರಿಗೆ ಬುದ್ಧಿ ಹೇಳಬೇಡ ಅಂತ ಪಾಪಯ್ಯ ಗದರಿಸಿದ.

ಮೂರು ವಾರಕ್ಕೆ ಮದರಾಸಿನಿಂದ ಉತ್ತರ ಬಂತು. ತಾವು ಒಕ್ಕಲುತನದ ಸಾಮಾನು ಮಾರುವುದಿಲ್ಲ, ಕೋಣೆ ಬಾಡಿಗೆಗೆ ಕೊಡುವುದೂ ಇಲ್ಲ, ಸ್ವಾತಂತ್ರ್ಯದ ಚಕ್ರ ಏನೆಂದು ತಿಳಿಯಲಿಲ್ಲ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು. ಪಾಪಯ್ಯ ಕಾಗದ ಹಿಡಿದುಕೊಂಡು ಬೈರಯ್ಯನ ಮೇಲೆಯೇ ಎಗರಿದ. ಅಲ್ಲೇ ಕೂತಿದ್ದವನು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ. ಬೈರಯ್ಯನಿಗೆ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಬೇಕು ಅನಿಸಿತು. ಕುಕ್ಕಲಿಲ್ಲ. ಇತ್ತ ಕೆಂಚಯ್ಯ ಸೋಮವಾರ ಸೋಮವಾರ ಬಂದು, ದಾಕಿನ ಪೆಟ್ಟಿಗೆ ಹೊತ್ತು ನಡೆದು ನಡೆದು ಹಿಮ್ಮಡಿ ಒಡೆದುಹೋಗಿದೆ ಎಂದು ತೋರಿಸಿ ಹೋಗುತ್ತಿದ್ದ.

ಮುಂದಿನ ಭಾನುವಾರ ಮತ್ತೆ ಕಾಗದ ಬರೆಯಲು ಮೇಷ್ಟ್ರು ಬರುವಷ್ಟರಲ್ಲಿ ಬೈರಯ್ಯ ಕೆಂಚಯ್ಯನ ಸೈಕಲ್ಲನ್ನು ಪೂರಾ ಬಿಚ್ಚಿ, ಗೋಣಿಚೀಲದ ಮೇಲೆ ಸಾಲಾಗಿ ಹರಡಿದ್ದ. ಹೊಸ್ತಿಲು ದಾಟಿ ಒಳಗೇ ಕೂತಿದ್ದ.

"ಸಾ, ಆ ಬುಕ್ಕು ಮಡಗ್ಬುಡಿ. ಇದ ಮುಟ್ಟಿ ನೋಡಿ."

ಮೇಷ್ಟ್ರು ಬಿಳಿ ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತರು. ಬೈರಯ್ಯ ಆ 'ರೂ ಲೀಬ್ರ್' ಎಂಬ ಹಲ್ಲಿನ ಚಕ್ರವನ್ನು ಅವರ ಕೈಗಿಟ್ಟು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ತೋರಿಸಿದ. ಇದಕ್ಕೆ ಇಲ್ಲಿಯವರು ಏನನ್ನುತ್ತಾರೆ ಎಂದು ಮೇಷ್ಟ್ರು ಕೇಳಿದರು. ಫ್ರೀವೀಲು ಎಂದ.

"ಅದು ಇಂಗ್ಲಿಷೇ ಅಲ್ಲವೇನಯ್ಯ?"

"ಇಂಗ್ಲೀಷೇಯಾ ಸಾ. ನೀವು ದಿನಾ ಸ್ಕೂಲಿಗೆ ಅದನ್ನೇ ತುಳ್ಕಂಡ್ ಓಯ್ತೀರಿ."

ಮೇಷ್ಟ್ರ ಮುಖ ಕೆಂಪಾಯಿತು. ಆದರೆ ಎದ್ದು ಹೋಗಲಿಲ್ಲ. ಆವತ್ತು ಮಧ್ಯಾಹ್ನದವರೆಗೆ ಇಬ್ಬರೂ ಜಗಳಾಡುತ್ತಲೇ ನಲವತ್ತು ಹೆಸರು ಮುಗಿಸಿದರು. ಕೊನೆಗೆ ಉಳಿದದ್ದು ಗೇರು ಬದಲಿಸುವ ಯಂತ್ರ, ಫ್ರೆಂಚಿನಲ್ಲಿ 'ದೆರಾಯೂರ್'. ನಿಘಂಟಿನ ಪ್ರಕಾರ ಅದು ರೈಲನ್ನು ಹಳಿ ತಪ್ಪಿಸುವಂಥದ್ದು. ಹೀಗೆ ಬರೆದರೆ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ ಎಂದು ಮೇಷ್ಟ್ರು ಪೆನ್ನು ಮುಚ್ಚಿದರು.

"ಅಳಿ ತಪ್ಸೋದೇಯಾ ಸಾ. ಬೀಳ್ಸಾಕಲ್ಲ, ಚೈನ್‌ನ ಪಕ್ಕದ್ ಚಕ್ರಕ್ಕೆ ದಾಟ್ಸಾಕೆ."

ಬೈರಯ್ಯ ಚೈನನ್ನು ಬೆರಳಿಂದ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸಿದ. ಮೇಷ್ಟ್ರು ತಾವೂ ಒಂದು ಸಲ ದಾಟಿಸಿ ನೋಡಿದರು. ಆಮೇಲೆ ಗ್ರೀಸಿನ ಕೈಯಲ್ಲೇ ಪೆನ್ನು ತೆರೆದು 'ಗೇರ್ ಚೇಂಜರ್' ಎಂದು ಬರೆದರು.

ತಿಂಗಳೊಳಗೆ ಸಾಮಾನು ಬಂತು, ಒಂದೂ ತಪ್ಪಿರಲಿಲ್ಲ. ಕೆಂಚಯ್ಯ ಸೈಕಲ್ ಹತ್ತಿ ಚನ್ನರಾಯಪಟ್ಟಣದ ದಾರಿ ಹಿಡಿದ. ಪಾಪಯ್ಯ ಆ ನಲವತ್ತು ಹೆಸರುಗಳನ್ನು ಅಚ್ಚು ಹಾಕಿಸಿ, ಕೆಳಗೆ 'ಭಾಷಾಂತರ: ಕೃಷ್ಣಪ್ಪ, ಬಿ.ಎ.' ಎಂದು ಸೇರಿಸಿ ಗೋಡೆಗೆ ತೂಗುಹಾಕಿದ. ಅದನ್ನು ಮೊದಲು ಓದಿ ಆಕ್ಷೇಪಿಸಿದವರು ಮೇಷ್ಟ್ರೇ. ಬೈರಯ್ಯನ ಹೆಸರು ಎಲ್ಲಿ ಎಂದು ಕೇಳಿದರು.

"ಅವನೆಸ್ರು ಆಕುದ್ರೆ ಯಾರ್ ಸಾ ನಂಬ್ತಾರೆ?" ಎಂದ ಪಾಪಯ್ಯ, ಬೈರಯ್ಯ ಎದುರಿಗೇ ಇರುವಾಗ.

ಬೈರಯ್ಯ ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡ. ತನ್ನ ಸ್ವಂತದ ಎರಡು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟ. ಕೈಗೆ ಬಂದ ಕೆಲಸ ಬಿಟ್ಟು ಬಂದದ್ದಕ್ಕೆ ಹೊನ್ನಕ್ಕ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅವಳೇ ಅರಕಲಗೂಡಿನ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಜಾಗ ಖಾಲಿ ಇದೆಯೆಂದು ಅಣ್ಣನಿಂದ ವಿಚಾರಿಸಿಕೊಂಡು ಬಂದಳು.

ಅಲ್ಲಿ ಬೈರಯ್ಯನದೇ ಸೈಕಲ್ ಅಂಗಡಿ ಎದ್ದಿತು. ರಾಮನಾಥಪುರಕ್ಕೆ ಹೊಗೆಸೊಪ್ಪಿನ ವ್ಯಾಪಾರಕ್ಕೆ ಹೋಗುವವರು ಅಲ್ಲೇ ಗಾಳಿ ಹೊಡೆಸುತ್ತಿದ್ದರು. ಹಾಸನದಿಂದ ಪಾಪಯ್ಯನ ಗೇರ್ ಸೈಕಲ್ಲುಗಳೂ ಒಂದೊಂದಾಗಿ ರಿಪೇರಿಗೆ ಅಲ್ಲಿಗೇ ಬಂದವು. ಅರವತ್ತೊಂದರಲ್ಲಿ ಒಂದು ಭಾನುವಾರ ಕೃಷ್ಣಪ್ಪ ಮೇಷ್ಟ್ರು ಬಸ್ಸಿಳಿದು ಬಂದು, ತಮ್ಮ ಕೈಯಲ್ಲೇ ಬರೆದ ಪಟ್ಟಿಯೊಂದನ್ನು ಕೊಟ್ಟರು. ಫ್ರೆಂಚ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು, ಎದುರಿಗೆ ಇಂಗ್ಲಿಷು ಬರೆದಿದ್ದರು. ಕೆಳಗೆ 'ಹೇಳಿದವರು ಬೈರಯ್ಯ, ಬರೆದುಕೊಂಡವನು ಕೃಷ್ಣಪ್ಪ' ಎಂದಿತ್ತು.

ಬೈರಯ್ಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ. ಆಮೇಲೆ ಮೇಲಿಂದ ಒಂದೊಂದಾಗಿ ಓದುತ್ತ ಬಂದು ಹುಬ್ಬು ಗಂಟಿಕ್ಕಿದ.

"ಇದೇನ್ ಸಾ, ಅದಿನೇಳ್ನೇದ ಇನ್ನೂವೆ ತಪ್ಪಾಗಿ ಬರ್ದಿದ್ದೀರಿ," ಎಂದು ರೇಗಿ, ಒಳಗಿಂದ ಮಣೆ ತಂದು ಹಾಕಿದ.