ಮದ್ದು ತೆಗೆಸಿದವರು

ಅವರು ಮರೆತಿರಲಿಲ್ಲ, ವಸುಧಾ. ಮಾತ್ರೆ ಬಿಟ್ಟವರೆಲ್ಲ ಮರೆತು ಬಿಟ್ಟರು ಎಂದು ನಾನು ನಿಮಗೆ ಹೇಳಿದ್ದು ಸುಳ್ಳು. ಗೊತ್ತಿದ್ದೂ ಹೇಳಿದ ಸುಳ್ಳು. ನಿಮ್ಮ ಲೆಕ್ಕ ಅದರ ಮೇಲೆ ನಿಂತಿತು, ಲೆಕ್ಕದ ಮೇಲೆ ಡಾಕ್ಟರ ಮಾತು ನಿಂತಿತು. ಆ ಮಾತನ್ನು ಹೊತ್ತುಕೊಂಡು ಮನೆಮನೆಗೆ ಹೋದವಳೂ ನಾನೇ — ಹೋಗಿ, ನನ್ನ ಚಿಕ್ಕಮ್ಮನಿಗೂ ಹೇಳಿದೆ.

ಹೃದಯದ ಆ ಮಾತ್ರೆಯನ್ನು ವರ್ಷಾನುಗಟ್ಟಲೆ ತಿಂದರೆ ಆಯುಸ್ಸು ಹೆಚ್ಚುತ್ತದೆಯೇ ಎಂದು ಆಸ್ಪತ್ರೆಯವರು ನೋಡಲು ಹೊರಟಿದ್ದರು. ನೀವು ಚಿತ್ರದುರ್ಗದ ಕಡೆಯಿಂದ ಕೊಯಮತ್ತೂರಿಗೆ ಬಂದು ಕಂಪ್ಯೂಟರ್ ಮುಂದೆ ಕೂತಿರಿ. ನಾನು ಸ್ಕೂಟರ್ ಹತ್ತಿ ಸೂಲೂರಿನ ಸುತ್ತಿನ ಊರುಗಳನ್ನು ಸುತ್ತಿದೆ. ನನ್ನನ್ನು ಸೇರಿಸಿಕೊಂಡದ್ದೇ ಆ ಊರುಗಳ ನಮ್ಮ ಜನರ ಹಾಗೆ ನನ್ನ ಮನೆಮಾತೂ ಕನ್ನಡ ಎಂದು. ನಮ್ಮ ಜನ ಡಾಕ್ಟರಿಗೆ ತಮಿಳಿನಲ್ಲಿ ‘ಎಲ್ಲಾ ಚೆನ್ನಾಗಿದೆ’ ಎಂದುಬಿಡುತ್ತಾರೆ. ಅಡುಗೆಮನೆಯಲ್ಲಿ ಕೂತು ಕನ್ನಡದಲ್ಲಿ ಕೇಳಿದರೆ ನಿಜ ಬರುತ್ತದೆ. ನನ್ನ ಕನ್ನಡ ಅಜ್ಜಿಯ ಬಾಯಿಂದ ಕಿವಿಗೆ ಬಿದ್ದದ್ದು. ಅಕ್ಷರ ಕಲಿಸಿದವರು ನೀವು. ಕಲಿತ ಅಕ್ಷರದಲ್ಲಿ ಇಂಥದ್ದನ್ನು ಬರೆಯಬೇಕಾಯಿತು, ನೋಡಿ.

ಇಡೀ ದಿನ ಅದರ ಮುಂದೆ ಕೂತು ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ.

“ಜೋಡಿ ಹುಡುಕ್ತೀನಿ,” ಅಂದಿರಿ. “ಒಂದೇ ವಯಸ್ಸು, ಒಂದೇ ಥರದ ಸಕ್ಕರೆ ಕಾಯಿಲೆ, ಒಂದೇ ಥರದ ದುಡಿಮೆ. ಒಬ್ಬರು ಮಾತ್ರೆ ತಗೊಳ್ತಿರೋರು, ಇನ್ನೊಬ್ಬರು ಬಿಟ್ಟೋರು. ಮಿಕ್ಕಿದ್ದೆಲ್ಲ ಸಮ ಇದ್ರೆ ತಾನೆ, ಆಮೇಲಿನ ವ್ಯತ್ಯಾಸ ಮಾತ್ರೆಯದ್ದು ಅನ್ನೋಕಾಗೋದು?”

“ಶರಿಯಾಗೋಯ್ತು! ಜಾತಕ ಕೂಡಿಸೋ ಜೋಸಿಯರ್ ಅನ್ನಿ!”

ನಕ್ಕಿರಿ. “ಜೋಯಿಸರಿಗಾದ್ರೂ ದೋಷ ಕಾಣುತ್ತಂತೆ. ನೀವು ತಂದುಕೊಡದ ದೋಷ ನನಗೆ ಕಾಣೋದೇ ಇಲ್ಲ, ಸರೋಜಕ್ಕ.”

ಆ ದೋಷ ಏನು ಅಂತ ಈಗ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಮದ್ದು ಎಂದರೆ ಔಷಧಿ. ಆದರೆ ಆಗದವರು ಅನ್ನದಲ್ಲಿ ಬೆರೆಸಿ ಇಡುವುದೂ ಮದ್ದೇ. ಊಟ ಒಳಗೆ ಇಳಿಯದೆ, ಮೈ ಕರಗುತ್ತಾ, ಕಾಲು ಊದಿಕೊಂಡು, ಯಾವ ಡಾಕ್ಟರ ಕೈಗೂ ಸಿಗದೆ ಹೋದಾಗ ಮನೆಯಲ್ಲಿ ಯಾರೋ ಒಬ್ಬರು ಮೆಲ್ಲಗೆ ಅಂದುಬಿಡುತ್ತಾರೆ — ಯಾರೋ ಮದ್ದಿಟ್ಟಿದ್ದಾರೆ. ಆಮೇಲೆ ಅದನ್ನು ತೆಗೆಯುವ ಅಜ್ಜಿಯ ಹತ್ತಿರ ಕರೆದೊಯ್ಯುತ್ತಾರೆ. ಅವಳು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಾಳೆ. ಬಾಳೆಲೆಯ ಮೇಲೆ ಕಪ್ಪಗೆ ಏನೋ ಬೀಳುತ್ತದೆ. ‘ಇಗೋ’ ಎನ್ನುತ್ತಾಳೆ. ಚಿಕ್ಕಂದಿನಲ್ಲಿ ನನ್ನ ಅಜ್ಜಿ ನನ್ನನ್ನೂ ಕರೆದೊಯ್ದು ತೆಗೆಸಿದ್ದಾಳೆ. ಆ ಕಪ್ಪನ್ನು ನಾನೂ ನೋಡಿದ್ದೇನೆ. ತೆಗೆಸಿದ ಮೇಲೆ ಒಂದು ಪಥ್ಯ ಉಂಟು — ಬೇರೆ ಯಾವ ಮದ್ದೂ ನಾಲಿಗೆಗೆ ತಾಗಬಾರದು. ಮಾತ್ರೆಯೂ.

ಮೊದಲು ಕೇಳಿದ್ದು ನಂಜಮ್ಮನ ಮನೆಯಲ್ಲಿ. ಅವಳ ಗಂಡ ಗೌಡರ ಹೆಸರು ನಮ್ಮ ಅಧ್ಯಯನದಲ್ಲಿತ್ತು. ಮಟಮಟ ಮಧ್ಯಾಹ್ನ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಬಡಿಯುತ್ತಿದ್ದವು, ಮಾತು ಕೇಳಿಸದಷ್ಟು.

“ಮಾತ್ರೆ ತಗೊಳ್ತಿದ್ದಾರಾ, ನಂಜಕ್ಕ?”

“ಇಲ್ಲ, ನನ್ ಕಣ್ಣು. ಮದ್ದು ತೆಗೆಸಿಬಿಟ್ಟೋ!” ಮುಖ ದೀಪದ ಹಾಗಿತ್ತು. “ಇನ್ನೇನು, ಎದ್ದು ಓಡಾಡ್ತಾರೆ ನೋಡು.”

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಂದೇ ಸಲ ನಿಂತವು. ಆ ನಿಶ್ಶಬ್ದದಲ್ಲಿ ಮಂಚದ ಮೇಲಿದ್ದ ಗೌಡರು ತಲೆ ಹೊರಳಿಸಿ ನೋಡಿದರು — ನನ್ನನ್ನಲ್ಲ, ನನ್ನ ಎಡಕ್ಕೆ, ಯಾರೂ ಇಲ್ಲದ ಕಡೆ.

“ಒಳಗೆ ಬರಹೇಳು ಅವರನ್ನ. ಬಿಸಿಲಲ್ಲಿ ಯಾಕೆ ನಿಂತವ್ರೆ?”

ಮುಂದಿನ ಸಲ ಹೋದಾಗ ಖಾಲಿ ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದ್ದರು.

ಆಮೇಲೆ ಇನ್ನೊಂದು ಮನೆ. ಮತ್ತೊಂದು. ಹೊಸಿಲಲ್ಲಿ ‘ತೆಗೆಸಿದೋ’ ಎಂಬ ಮಾತು ಕೇಳಿದ ಕೂಡಲೇ ನನಗೆ ತಿಳಿದುಹೋಗುತ್ತಿತ್ತು, ಒಳಗೆ ಮಲಗಿದವರನ್ನು ನೋಡಬೇಕಾಗಿಯೇ ಇರಲಿಲ್ಲ. ಊರಿನವರಿಗೂ ಏನೋ ತಿಳಿಯಿತು. ‘ಅವಳು ಬಂದು ಮಾತ್ರೆ ಬಿಟ್ರಾ ಅಂತ ಕೇಳಿದ್ರೆ ಮನೇಲಿ ಒಂದು ತಲೆ ಹೋಗುತ್ತೆ’ ಎಂದು ಹೆಂಗಸರು ಆಡಿಕೊಂಡರು. ನನ್ನ ಸ್ಕೂಟರ್ ಸದ್ದಿಗೆ ಬಾಗಿಲು ಹಾಕಿಕೊಂಡರು. ನಾನು ಅವರನ್ನು ಬೈಯಲಿಲ್ಲ. ನನಗೇ — ನನ್ನ ದನಿಯೇ ನನಗೆ ಹೆದರಿಕೆ ತರುತ್ತಿತ್ತು.

ಇದರಲ್ಲಿ ದೆವ್ವವೇನೂ ಇರಲಿಲ್ಲ. ಗಟ್ಟಿಮುಟ್ಟಾಗಿ ಇರುವವರು ಯಾರೂ ಆ ಅಜ್ಜಿಯ ಹತ್ತಿರ ಹೋಗುವುದಿಲ್ಲ. ಮೈ ಸೋತವರೇ ಹೋಗುವುದು. ಮಾತ್ರೆ ಬಿಟ್ಟಿದ್ದರಿಂದ ಸತ್ತವರಲ್ಲ ಅವರು. ಸಾವಿನ ದಾರಿಗೆ ಹೊರಟು ನಿಂತಿದ್ದರಿಂದಲೇ ಮಾತ್ರೆ ಬಿಟ್ಟವರು. ಇಷ್ಟನ್ನು ನಿಮಗೆ ಹೇಳಿದ್ದರೆ ಸಾಕಿತ್ತು.

ಆಸ್ಪತ್ರೆಯ ಮೀಟಿಂಗಿನಲ್ಲಿ ನೀವು ಕೇಳಿದಿರಿ: “ಬಿಟ್ಟವರು ಯಾಕೆ ಬಿಟ್ಟರು, ಸರೋಜಕ್ಕ?” ದೊಡ್ಡ ಡಾಕ್ಟರು ಎದುರಿಗಿದ್ದರು. ಸ್ವಲ್ಪ ಮುಂಚೆಯಷ್ಟೇ ಅವರು, ಯಾರೋ ಹೊಟ್ಟೆನೋವಿಗೆ ತಾಯಿತ ಕಟ್ಟಿಕೊಂಡು ಬಂದದ್ದನ್ನು ಹೇಳಿ ಎಲ್ಲರನ್ನೂ ನಗಿಸಿದ್ದರು. ನಾನೂ ನಕ್ಕಿದ್ದೆ. ನನ್ನ ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ನಂಜಮ್ಮನ ಮುಖವೂ.

“ಮರ್ತುಬಿಟ್ರು ಮೇಡಂ. ವಯಸ್ಸಾಯ್ತಲ್ಲ.”

“ಎಲ್ಲರೂನಾ?”

“ಎಲ್ಲರೂ.”

ಅವರ ಮಾನ ಉಳಿಸಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಉಳಿಸಿದ್ದು ನನ್ನದನ್ನು.

ಕೊನೆಗೆ ನೀವು ಪರದೆಯ ಮೇಲೆ, ಎಷ್ಟು ಜನ ಬದುಕಿ ಉಳಿದರು ಎಂಬುದರ ಎರಡು ಗೆರೆ ತೋರಿಸಿದಿರಿ. ಮಾತ್ರೆ ತಿನ್ನುತ್ತಿದ್ದವರದು ಸಮತಟ್ಟಾಗಿ ಸಾಗಿತ್ತು. ಬಿಟ್ಟವರದು ಶುರುವಿನಲ್ಲೇ ಯಾರೋ ಕಾಲು ಹಿಡಿದು ಎಳೆದ ಹಾಗೆ ಕೆಳಗಿಳಿದಿತ್ತು. ಡಾಕ್ಟರಿಗೆ ಸಂತೋಷ. ನಿಮಗಲ್ಲ. “ಇದು ನಿಧಾನಕ್ಕೆ ಕೆಲಸ ಮಾಡೋ ಮಾತ್ರೆ. ಬಿಟ್ಟ ಮೊದಲ ತಿಂಗಳಲ್ಲೇ ಇಷ್ಟು ಜನ ಹೇಗೆ ಹೋಗ್ತಾರೆ? ಏನೋ ಇದೆ. ನನಗೆ ಕಾಣ್ತಿಲ್ಲ.” ಇದ್ದಬದ್ದ ಮಾಹಿತಿಯನ್ನೆಲ್ಲ ಹಾಕಿ ಮತ್ತೆ ಮತ್ತೆ ಜೋಡಿ ಕಟ್ಟಿದಿರಿ. ಗೆರೆ ಜಗ್ಗಲಿಲ್ಲ. ಇಳಿಯುವ ಆ ಗೆರೆಯಲ್ಲಿ ನನಗೆ ಒಬ್ಬೊಬ್ಬರೇ ಕಾಣುತ್ತಿದ್ದರು — ಗೌಡರು, ಅವರ ಹಿಂದೆ ಮಿಕ್ಕವರು, ಸಾಲಾಗಿ. ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಯಾವ ಕಾರಣಕ್ಕೂ ಬಿಡಬಾರದ ಮಾತ್ರೆ ಎಂದು ಡಾಕ್ಟರು ಹೇಳಿದರು. ನಾನು ಅದನ್ನು ಊರಿಗೆ ಸಾಗಿಸಿದೆ.

ಚಿಕ್ಕಮ್ಮ ಗಟ್ಟಿ ಹೆಂಗಸು. ದನಕ್ಕೆ ಮೇವು ತಾನೇ ಕೊಯ್ದು ತರುತ್ತಿದ್ದವಳು. “ಇದ ನುಂಗಿದ್ರೆ ತಲೆ ತಿರುಗ್ತದೆ, ನನ್ ಕಣ್ಣು, ನೆಲ ವಾಲ್ತದೆ. ಬಿಟ್ಬಿಡ್ಲಾ?” ಎಂದು ಕೇಳಿದಳು. ಡಾಕ್ಟರಿಗೆ ತೋರಿಸೋಣ ಬಾ ಎನ್ನಬಹುದಿತ್ತು ನಾನು. ಅನ್ನಲಿಲ್ಲ.

“ಬಿಟ್ಟವರು ಉಳಿಯಲ್ಲ, ಚಿಕ್ಕಮ್ಮ.”

ಅವಳು ನನ್ನ ಮುಖ ನೋಡಿದ ರೀತಿ — ಊರ ಹೆಂಗಸರು ನೋಡುತ್ತಿದ್ದರಲ್ಲ, ಹಾಗೆ. ಮತ್ತೆ ಕೇಳಲಿಲ್ಲ. ತಪ್ಪದೆ ನುಂಗಿದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದಳು, ಸೊಂಟದ ಮೂಳೆ ಮುರಿಯಿತು, ಮಲಗಿದವಳು ಏಳಲಿಲ್ಲ. ಬೀಳಿಸಿದ್ದು ಮಾತ್ರೆಯೋ, ಪಾಚಿಯೋ? ಒಬ್ಬರ ವಿಷಯದಲ್ಲಿ ಹಾಗೆ ಹೇಳಲು ಯಾವ ಲೆಕ್ಕಕ್ಕೂ ಆಗುವುದಿಲ್ಲ ಎಂದು ನೀವೇ ಹೇಳಿದ್ದಿರಿ. ಆ ಮಾತನ್ನು ನನಗೆ ಸಮಾಧಾನವಾಗಿ ಬಳಸಿಕೊಳ್ಳಲಾರೆ.

ಈಗ ಆ ಮನೆಗಳಿಗೆಲ್ಲ ಮತ್ತೆ ಹೋಗುತ್ತಿದ್ದೇನೆ. ಮೊದಲು ಹಾಸಿಗೆ ಹಿಡಿದದ್ದೋ, ಮೊದಲು ಮಾತ್ರೆ ಬಿಟ್ಟದ್ದೋ ಎಂದು ಕೇಳುತ್ತಿದ್ದೇನೆ. ಕೆಲವರು ಬಾಗಿಲು ತೆರೆಯುತ್ತಾರೆ. ತಿಳಿದಷ್ಟನ್ನೂ ನಿಮಗೆ ತಂದೊಪ್ಪಿಸುತ್ತೇನೆ. ಡಾಕ್ಟರ ಎದುರಿಗೇ ಹೇಳುತ್ತೇನೆ.

ನಿನ್ನೆ ಚಿಕ್ಕಮ್ಮನ ಮಗಳು ಸೆಲ್ವಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳಿಗೂ ಈಗ ಅದೇ ಮಾತ್ರೆ. ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಹೋಗಿ ಒಂದು ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಬಂದು ನನ್ನೆದುರು ಕೂತಳು.

“ಈಗ ಹೇಳಕ್ಕ. ಇದ ನುಂಗ್ಲಾ, ಬೇಡ್ವಾ?”

ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ದಾರಿಯನ್ನು ಮುಚ್ಚಿದವಳೇ ನಾನು. “ನಾಳೆ ಇಬ್ರೂ ಡಾಕ್ಟರ ಹತ್ರ ಹೋಗೋಣ. ಅಲ್ಲೀವರೆಗೆ ದಿನಾ ನುಂಗೋ ಹಾಗೇ ನುಂಗು,” ಅಂದೆ.

ಅವಳು ಅಂಗೈಯನ್ನೊಮ್ಮೆ ನೋಡಿದಳು. ಆಮೇಲೆ, ನೀರೂ ಕುಡಿಯದೆ, ನುಂಗಿದಳು.